ಸಮೀಪದ ಸಂಬಂಧಿಕರು

ಮೈಕು ಇನ್ನೂ ಸರಿಯಾಗಿಲ್ಲ ಎಂದು ಯಾರೋ ಹೇಳಿದಾಗ ಅಂಜಿನಮೂರ್ತಿಗೆ ಬೇಸರವಾಗುವ ಬದಲು ಹಾಯೆನಿಸಿತು. ಇನ್ನೊಂದು ಹತ್ತು ನಿಮಿಷ ಮಾತಾಡದೆ ಕೂತಿರಬಹುದು. ಶಿರಾದ ಆ ಕಾಲೇಜಿನ ಸಭಾಂಗಣದಲ್ಲಿ ಬಿ.ಎ. ಕೊನೆಯ ವರ್ಷದ ಎಂಬತ್ತು ಮಕ್ಕಳು ಫ್ಯಾನಿನ ಕೆಳಗಿನ ಜಾಗಕ್ಕಾಗಿ ತಳ್ಳಾಡುತ್ತಿದ್ದರು. ಅವನ ಬೆನ್ನ ಹಿಂದೆ ಬ್ಯಾನರ್ ಇತ್ತು: ಸಮಾಜಕಾರ್ಯ ವೃತ್ತಿ, ಒಂದು ಪರಿಚಯ. ಪರಿಚಯ ಮಾಡಿಸಬೇಕಾದವನು ಅವನೇ. ಮಧುಗಿರಿಯ ಒಂದು ಸಣ್ಣ ಸಂಸ್ಥೆಯಲ್ಲಿ ಹದಿನೆಂಟು ವರ್ಷ ಅದೇ ಕೆಲಸ ಮಾಡಿದವನು, ಹಾಗಾಗಿ ಹೇಳಲು ಅವನಿಗಿಂತ ಯೋಗ್ಯರು ಯಾರು ಎಂದು ಫೋನಿನಲ್ಲಿ ಕರೆದವರು ಹೇಳಿದ್ದರು. ಆದರೆ ಗೇಟಿನಲ್ಲಿ ಅಟೆಂಡರ್ ಬಾಷಾ ಸಾಬ್ ಅವನ ಹೆಗಲ ಚೀಲ, ಮಾಸಿದ ಕಾಲರು, ಧೂಳು ಮೆತ್ತಿದ ಚಪ್ಪಲಿ ನೋಡಿ, "ಮೈಕ್ ರಿಪೇರಿಗೆ ಬಂದವರಾ? ಹಿಂದಿನ ಬಾಗಿಲಿಂದ ಹೋಗಿ, ಜಲ್ದಿ ನೋಡ್ಬಿಡಿ" ಎಂದಿದ್ದ. ಅಂಜಿನಮೂರ್ತಿ ಅಲ್ಲ ಎನ್ನಲಿಲ್ಲ. ಹಿಂದಿನ ಬಾಗಿಲಿಂದಲೇ ಹೋಗಿ, ಮೈಕಿನ ಪೆಟ್ಟಿಗೆಯ ಮುಂದೆ ಸ್ವಲ್ಪ ಹೊತ್ತು ನಿಂತು, ಒಂದು ಗುಬುಟನ್ನು ತಿರುಗಿಸಿಯೂ ನೋಡಿದ್ದ. ಯಾರಾದರೂ ಅವನನ್ನು ಇನ್ನೊಬ್ಬನೆಂದು ತಿಳಿದರೆ ಅವನು ತಕ್ಷಣ ಆ ಇನ್ನೊಬ್ಬನಾಗಿಬಿಡುತ್ತಾನೆ, ಅದು ಅವನಿಗೆ ಮೊದಲಿನಿಂದ ಇರುವ ರೋಗ. ಬಾಷಾ ಸಾಬ್‌ಗೆ ವಿಷಯ ಗೊತ್ತಾದ ಮೇಲೆ ನಾಚಿಕೆಯಿಂದ ಎರಡು ಸಲ ಟೀ ತಂದುಕೊಟ್ಟ, ಎರಡನೆಯ ಸಲ ಬಿಸ್ಕತ್ತೂ ಇತ್ತು.

ಬೆಳಿಗ್ಗೆ ಬಸ್ಸು ಬಡವನಹಳ್ಳಿ ಮುಟ್ಟುವವರೆಗೂ ಅವನು ಮೊದಲ ವಾಕ್ಯವನ್ನು ಬಾಯಲ್ಲಿ ಹೊರಳಿಸುತ್ತ ಬಂದಿದ್ದ. ಸಮಾಜಕಾರ್ಯ ಅಂದರೆ ದಾನಧರ್ಮ ಅಲ್ಲ, ಅದೊಂದು ವೃತ್ತಿ. ಹನ್ನೊಂದು ಕಾಲೇಜುಗಳಲ್ಲಿ ಹೇಳಿದ ವಾಕ್ಯ. ಹೇಳಿದಷ್ಟೂ ಅದು ಸವೆದು ನುಣ್ಣಗಾಗಿ ಈಗ ಹಿಡಿತಕ್ಕೇ ಸಿಗುವುದಿಲ್ಲ. ಬಡವನಹಳ್ಳಿಯಲ್ಲಿ ಹತ್ತಿದ ಒಬ್ಬ ಹೆಂಗಸು ಕಂಬಳಿಯ ಗಂಟನ್ನು ಅವನ ಕಾಲಿನ ಮೇಲೆ ಇಟ್ಟು, "ಒಸಿ ಇಟ್ಕಳಪ್ಪ, ಶಿರಾಕ್ಕೆ ಇಳ್ಕಂಡ್ಬುಡ್ತೀನಿ" ಎಂದಳು. ಕಂಬಳಿಯ ವಾಸನೆ, ಉಣ್ಣೆ, ಕುರಿಯ ಉಚ್ಚೆ, ಹೊಗೆ ಎಲ್ಲ ಸೇರಿದ ಆ ಹಳೆಯ ಬೆಚ್ಚನೆ ವಾಸನೆ ಮೂಗಿಗೆ ಹತ್ತಿತೋ ಇಲ್ಲವೋ, ವಾಕ್ಯ ಮರೆತುಹೋಯಿತು. ಅಂಥ ಕಂಬಳಿಯೊಳಗೆ ಅವನು ಬೆಳೆದದ್ದು. ಅಪ್ಪ ಮೊದಲೇ ತೀರಿಕೊಂಡಿದ್ದ, ಅವ್ವ ಓಬಳಮ್ಮ ಸತ್ತಾಗ ಅವನಿಗೆ ಮೂರು ವರ್ಷ, ಅಕ್ಕ ಗೌರಕ್ಕನಿಗೆ ಹದಿನೆಂಟು. ತಿಥಿಗೆಂದು ಗಂಡನ ಮನೆಯಿಂದ ಬಂದ ಗೌರಕ್ಕ ಮತ್ತೆ ಹೋಗಲಿಲ್ಲ. ಆ ಮನೆಯವರು ಎರಡು ಸಲ ಕರೆಯಲು ಬಂದಿದ್ದರಂತೆ. ಎರಡನೆಯ ಸಲ ಅವನು ಅವಳ ಬೆನ್ನ ಮೇಲೆ ಕಂಬಳಿಯಲ್ಲಿ ಕಟ್ಟಿಸಿಕೊಂಡು ನಿದ್ದೆ ಹೋಗಿದ್ದನಂತೆ, "ಈ ಕೂಸನ್ನೂ ಕರ್ಕಂಡೋಗಂಗಿದ್ರೆ ಬತ್ತೀನಿ" ಎಂದಳಂತೆ. ಇವೆಲ್ಲ 'ಅಂತೆ'ಗಳು. ಅವನಿಗೆ ಖಚಿತವಾಗಿ ನೆನಪಿರುವುದು ಅವಳ ಬೆನ್ನು ಮಾತ್ರ. ನಡೆಯುವಾಗ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುವ, ಬೆವರಿನಿಂದ ಒದ್ದೆಯಾದ ಬೆನ್ನು; ಅದರ ಆಚೆ ನಲವತ್ತೊಂದು ಕುರಿಗಳ ಬಾಲ.

ಮೈಕಿಲ್ಲದೆಯೇ ಶುರುಮಾಡೋಣ ಎಂದು ನೂರೀನ್ ಮೇಡಂ ಎದ್ದು ನಿಂತಳು. ಕಾಲೇಜಿನ ಸಮಾಜಕಾರ್ಯ ವಿಭಾಗಕ್ಕೆ ಅವಳೊಬ್ಬಳೇ ಅಧ್ಯಾಪಕಿ, ಮೂವತ್ತು ದಾಟಿಲ್ಲ, ಮಾತಿನಲ್ಲಿ ಉತ್ಸಾಹ ತುಳುಕುತ್ತದೆ. "ಅಂಜಿನಮೂರ್ತಿ ಸರ್ ನನಗಿಂತ ಹನ್ನೆರಡು ಬ್ಯಾಚ್ ಸೀನಿಯರ್. ತುಮಕೂರಲ್ಲಿ ಎಂಎಸ್‌ಡಬ್ಲ್ಯು ಮಾಡುವಾಗ ನಮ್ಮಿಬ್ಬರಿಗೂ ಒಬ್ಬರೇ ಗೈಡು, ಪ್ರಸನ್ನ ಕುಮಾರ್ ಸರ್. ಸರ್ ಮಾತಾಡೋಕೆ ಮುಂಚೆ ನಿಮಗೆ ಒಂದು ಕೇಸ್ ಕೊಡ್ತೀನಿ. ನಮ್ಮ ಪ್ರಸನ್ನ ಕುಮಾರ್ ಸರ್ ಇದನ್ನ ಇಪ್ಪತ್ತು ವರ್ಷದಿಂದ ಪ್ರತಿ ಬ್ಯಾಚಿಗೂ ಕೊಡ್ತಿದ್ದಾರೆ. ಗೃಹಭೇಟಿಯ ವರದಿ ಹೇಗಿರಬೇಕು ಅನ್ನೋದಕ್ಕೆ ಇದೇ ಮಾದರಿ." ಜೆರಾಕ್ಸ್ ಹಾಳೆಗಳು ಸಾಲಿನಿಂದ ಸಾಲಿಗೆ ಹೋದವು. ಒಂದು ಅವನ ಕೈಗೂ ಬಂತು. ಬರೆದ ವಿದ್ಯಾರ್ಥಿಯ ಹೆಸರಿನ ಮೇಲೆ ಕಾಗದದ ಪಟ್ಟಿ ಇಟ್ಟು ಜೆರಾಕ್ಸ್ ಮಾಡಿದ್ದರು, ಅಲ್ಲೊಂದು ಬಿಳಿಯ ಕಿಟಕಿಯಿತ್ತು. ಅದರ ಕೆಳಗೆ ಬಲಕ್ಕೆ ವಾಲಿದ, ಒಂದನ್ನೊಂದು ಒರಗಿ ನಿಂತ ಅಕ್ಷರಗಳು. ಬೇರೆಯವರ ಮದುವೆಯ ಫೋಟೋದಲ್ಲಿ ಹಿಂದೆಲ್ಲೋ ತಾನು ತುತ್ತು ಬಾಯಿಗಿಡುತ್ತಿರುವುದನ್ನು ನೋಡಿದವನಂತೆ ಅಂಜಿನಮೂರ್ತಿ ನೋಡಿದ. ಕೈಬರಹ ಅವನದೇ.

ತುಮಕೂರಲ್ಲಿ ಓದುವಾಗ ಬ್ಲಾಕ್ ಫೀಲ್ಡ್ ವರ್ಕ್ ಎಂದು ಕೊನೆಯ ವರ್ಷ ಒಂದು ತಿಂಗಳು ಅವರವರ ತಾಲ್ಲೂಕಿಗೇ ಕಳಿಸಿದ್ದರು. ಹನ್ನೆರಡು ಗೃಹಭೇಟಿ ಮಾಡಿ ವರದಿ ಒಪ್ಪಿಸಬೇಕು. ಎಂಟು ಮಾಡಿದ. ಅಪರಿಚಿತರ ಬಾಗಿಲ ಮುಂದೆ ಪುಸ್ತಕ ಹಿಡಿದು ನಿಂತರೆ, "ಯಾವ ಆಫೀಸ್ನೋರಪ್ಪ, ರೇಷನ್ ಕಾರ್ಡಿಗಾ?" ಎಂದು ಕೇಳುತ್ತಿದ್ದರು, ಇವನು ಅಲ್ಲ ಎನ್ನಲಾರದೆ ಅವರ ಹೆಸರನ್ನು ಬರೆದುಕೊಂಡು, ಒಂದೆರಡು ಮನೆಗಳಲ್ಲಿ ಸಕ್ಕರೆ ಬರುವ ತಾರೀಕನ್ನೂ ಹೇಳಿ ಬಂದಿದ್ದ. ಅದಾದ ಮೇಲೆ ಮತ್ತೆ ಆ ಬೀದಿಗೆ ಕಾಲಿಡುವ ಧೈರ್ಯವಾಗಲಿಲ್ಲ. ಮನೆಯಲ್ಲೇ ಉಳಿದ. ತಾವರೆಕೆರೆ ಹೋಬಳಿಯ ಅವರ ಹಟ್ಟಿಯಲ್ಲಿ, ಜಗುಲಿಯ ಮೇಲೆ ಗೋಡೆಗೊರಗಿ ಕೂತು, ಎದುರಿಗೆ ಕುರಿಯ ಗೊರಸಿನ ಮುಳ್ಳು ಕೀಳುತ್ತಿದ್ದ ಅಕ್ಕನನ್ನು ನೋಡಿನೋಡಿ ಒಂಬತ್ತನೆಯ ಭೇಟಿಯನ್ನು ಬರೆದ. ನೋಡದೆ ಬರೆದದ್ದು ಆಮೇಲಿನ ಮೂರು, ಅವು ಯಾರ ನೆನಪಿನಲ್ಲೂ ಉಳಿಯಲಿಲ್ಲ. ಸೇವಾರ್ಥಿಯ, ಅಂದರೆ ನೆರವು ಪಡೆಯುವವರ, ಹೆಸರು ಬದಲಿಸಬೇಕು ಎಂಬುದು ವೃತ್ತಿಯ ಮೊದಲ ನಿಯಮ, ಅದನ್ನು ಪಾಲಿಸಿದ. ಪೆನ್ನಿನ ತುದಿಗೆ ಬೇರೆ ಯಾವ ಹೆಂಗಸಿನ ಹೆಸರೂ ಬರದೆ ಓಬಳಮ್ಮ ಎಂದು ಬರೆದ. ಹೆಸರೊಂದನ್ನು ಬಿಟ್ಟು ಬೇರೇನನ್ನೂ ಬದಲಿಸಲಿಲ್ಲ. ಅಕ್ಕ ನಡುವೆ ಎದ್ದು ಮಜ್ಜಿಗೆ ತಂದು, "ಏನ್ಲಾ ಅದು ಅಷ್ಟೊಂದು ಬರೀತೀಯ?" ಎಂದು ಕೇಳಿದಳು. "ಪಾಠ" ಎಂದ. "ಬರಿ ಬರಿ" ಎಂದು, ಕಾಗದದ ಮೇಲೆ ನೆರಳು ಬೀಳದಂತೆ ಆಚೆ ಸರಿದು ನಿಂತಳು.

"ಯಾರಾದ್ರೂ ಜೋರಾಗಿ ಓದಿ" ಎಂದಳು ನೂರೀನ್. ಎರಡನೆಯ ಸಾಲಿನ ಉಮರ್ ಎಂಬ ಹುಡುಗ ಎದ್ದ. ನಾಟಕದಲ್ಲಿ ಪಾತ್ರ ಮಾಡುವವನಿರಬೇಕು, ಮೈಕಿಲ್ಲದಿದ್ದರೂ ಅವನ ದನಿ ಹಿಂದಿನ ಗೋಡೆಗೆ ಬಡಿಯುತ್ತಿತ್ತು. "ಹೆಸರು, ಓಬಳಮ್ಮ. ವಯಸ್ಸು, ಮೂವತ್ತೆಂಟು. ಊರು, ತಾವರೆಕೆರೆ ಹೋಬಳಿಯ ಒಂದು ಹಟ್ಟಿ. ಕಸುಬು, ಕುರಿ ಸಾಕಣೆ. ಸಮೀಪದ ಸಂಬಂಧಿಕರು, ಯಾರೂ ಇಲ್ಲ." ಹುಡುಗ ಉಸಿರು ತೆಗೆದುಕೊಂಡು ಮುಂದೆ ಹೋದ. ಗಂಡ ತ್ಯಜಿಸಿದ್ದಾನೆ. ಸೇವಾರ್ಥಿಯು ಗಂಡಸರಂತೆ ತಲೆಗೆ ಟವೆಲ್ ಸುತ್ತಿ, ಕಡ್ಲೇಕಾಯಿ ಕಿತ್ತ ಮೇಲೆ ಪಾವಗಡದ ಕಡೆಯ ಹೊಲಗಳಲ್ಲಿ ರಾತ್ರಿ ಗೊಬ್ಬರಕ್ಕೆಂದು ಮಂದೆ ತರುಬಲು ತಾನೊಬ್ಬಳೇ ಹೋಗುತ್ತಾಳೆ. ಕುರಿಗಳೊಂದಿಗೆ ಮಾತಾಡುತ್ತಾಳೆ. ಸೇವಾರ್ಥಿಗೆ ಮಣ್ಣು ತಿನ್ನುವ ಅಭ್ಯಾಸವಿದೆ. ಗೋಡೆಯ ಮಣ್ಣನ್ನು ಕೆರೆದು ಸೆರಗಿನಲ್ಲಿ ಕಟ್ಟಿಕೊಂಡು, ಯಾರೂ ಇಲ್ಲದಾಗ ತಿನ್ನುತ್ತಾಳೆ. ಇಲ್ಲಿ ಉಮರ್ ನಿಲ್ಲಿಸಿ, "ಮೇಡಂ, ಯಾವ ಕಂಪನಿ ಮಣ್ಣು ಅಂತ ಬರ್ದಿಲ್ಲ" ಎಂದ. ಸಭಾಂಗಣ ನಕ್ಕಿತು. ದುಷ್ಟ ನಗುವಲ್ಲ, ಹಸಿದ ಹೊತ್ತಿನಲ್ಲಿ ಮಕ್ಕಳು ನಗುವ ನಗು. ನೂರೀನ್ ಕೂಡ ನಗು ತಡೆದುಕೊಂಡು, "ಉಮರ್, ಚುಪ್. ಓದು" ಎಂದಳು. ಅಂಜಿನಮೂರ್ತಿಯೂ ನಕ್ಕ. ತನ್ನ ತುಟಿ ಅಗಲವಾಗುತ್ತಿರುವುದು ಅವನಿಗೆ ಗೊತ್ತಾಯಿತು, ಅದನ್ನು ವಾಪಸು ಎಳೆದುಕೊಳ್ಳುವುದು ಹೇಗೆಂದು ಗೊತ್ತಾಗಲಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಗೋಡೆಗೆ ನೀರು ಚಿಮುಕಿಸಿ ಕೆಮ್ಮಣ್ಣು ಸಾರಿಸುವ ದಿನ ಅಕ್ಕನ ಕಣ್ಣು ಬೇರೆಯಾಗುತ್ತಿತ್ತು. ಒಣಗೋಡೆ ನೀರು ಕುಡಿದು ಬಿಡುವ ಆ ಘಮಕ್ಕೆ ಅವಳು ಕೆಲಸ ನಿಲ್ಲಿಸಿ, ಗೋಡೆಗೆ ಕೆನ್ನೆ ಆನಿಸಿ ನಿಂತುಬಿಡುತ್ತಿದ್ದಳು. ಆರು ವರ್ಷದ ಅವನೂ ಪಕ್ಕದಲ್ಲಿ ಕೆನ್ನೆ ಆನಿಸಿದ್ದ, ತಣ್ಣಗಿತ್ತು. ಅವಳು ಉಗುರಿನಿಂದ ಒಂದು ಚೂರು ಕೆರೆದು ಬಾಯಿಗಿಟ್ಟು ಕಣ್ಣು ಮುಚ್ಚಿದ್ದನ್ನು ಅವನು ಕಂಡ. ನಂಗೂ ಎಂದ. "ನಿಂಗ್ ಬ್ಯಾಡ, ಹೊಟ್ಟೆ ನೋಯ್ತದೆ" ಎಂದವಳು ಅವನ ಕೈ ಹಿಡಿದು ತನ್ನ ತಲೆಯ ಮೇಲಿಟ್ಟುಕೊಂಡು, "ಯಾರಿಗೂ ಹೇಳ್ಕೂಡ್ದು ಕಣ್ಲಾ. ಹೇಳಿದ್ರೆ ನಾನು ಸತ್ತೋಯ್ತೀನಿ" ಎಂದಿದ್ದಳು. ಅವಳ ತಲೆ ಬಿಸಿಲಿಗೆ ಕಾದು ಸುಡುತ್ತಿತ್ತು, ಎಣ್ಣೆಯಿಲ್ಲದ ಕೂದಲು ಜೋಳದ ಸಿಪ್ಪೆಯ ಹಾಗಿತ್ತು. ಅದಾದ ಮೇಲೆ ಎಷ್ಟೋ ದಿನ ಅವನು ಬಾಯಿ ಬಿಗಿಹಿಡಿದು ಓಡಾಡಿದ, ನಿದ್ದೆಯಲ್ಲಿ ಹೇಳಿಬಿಟ್ಟರೆ ಎಂದು ಹೆದರಿ ಕಂಬಳಿಯ ಅಂಚನ್ನು ಕಚ್ಚಿಕೊಂಡು ಮಲಗಿದ. ಇಡೀ ಬಾಲ್ಯದಲ್ಲಿ ಅವನು ಮಾಡಿದ ಒಂದೇ ಒಂದು ದೊಡ್ಡ ಕೆಲಸ ಅದು, ಅಕ್ಕನನ್ನು ಬದುಕಿಸಿಟ್ಟುಕೊಂಡದ್ದು. ಅಂಥದ್ದನ್ನು ಇಪ್ಪತ್ತಮೂರನೆಯ ವಯಸ್ಸಿನಲ್ಲಿ ನೀಲಿ ಶಾಯಿಯಲ್ಲಿ ಬರೆದು ನೂರಕ್ಕೆ ಎಂಬತ್ತಾರು ತೆಗೆದುಕೊಂಡ. ವರದಿಯ ಕೊನೆಗೆ ಪ್ರಗತಿ ಎಂದೊಂದು ಭಾಗ ಇರಬೇಕಿತ್ತು. ಸೇವಾರ್ಥಿಯನ್ನು ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ಕಬ್ಬಿಣದ ಮಾತ್ರೆ ಕೊಡಿಸಲಾಯಿತು, ಮೂರು ಭೇಟಿಗಳ ನಂತರ ಅಭ್ಯಾಸ ಬಿಟ್ಟಿದ್ದಾಳೆ ಎಂದು ಬರೆದ. ಮಾತ್ರೆಯನ್ನು ಅವನು ನಿಜವಾಗಿ ಕೊಡಿಸಬಹುದಿತ್ತು. ತಾವರೆಕೆರೆಗೆ ನಡೆದರೆ ಮುಕ್ಕಾಲು ಗಂಟೆ. ಬರೆದಾಗಿದೆ ಎಂಬ ಕಾರಣಕ್ಕೇ ಮಾಡುವುದು ಬೇಕಿಲ್ಲವೆನಿಸಿತ್ತು.

ಉಮರ್ ಓದಿ ಮುಗಿಸಿದ. "ಈಗ ಹೇಳಿ, ಈ ಕಾರ್ಯಕರ್ತ ಏನೇನು ಸರಿಯಾಗಿ ಮಾಡಿದ್ದಾರೆ?" ಎಂದು ನೂರೀನ್ ಕೇಳಿದಳು. ಹಿಂದಿನಿಂದ ಒಬ್ಬ ಹುಡುಗಿ ಎದ್ದಳು. ಎರಡು ಜಡೆ, ದೊಡ್ಡ ಕಿವಿ, ಹಾಳೆಯನ್ನು ಎದೆಗೆ ಹಿಡಿದುಕೊಂಡಿದ್ದಳು. "ಮೇಡಂ, ನಾನು ಗಂಗಾಲಕ್ಷ್ಮಿ. ಈಯಮ್ಮ ನನಗೆ ಗೊತ್ತು ಮೇಡಂ." ನೂರೀನ್ ನಕ್ಕು, "ಇವರ ಹೆಸರು ಬದಲಾಯಿಸಿರ್ತಾರೆ, ಗೊತ್ತಾಗೋ ಹಾಗಿಲ್ಲ" ಎಂದಳು. "ಹೆಸರು ಬದಲಾಯಿಸಿದ್ರೂ ಆಯಮ್ಮ ಬದಲಾಗಲ್ವಲ್ಲ ಮೇಡಂ. ನಮ್ದು ವೈ.ಎನ್. ಹೊಸಕೋಟೆ. ಕಡ್ಲೇಕಾಯಿ ಕಿತ್ತಾದ ಮೇಲೆ ನಮ್ಮ ಹೊಲಕ್ಕೆ ಮಂದೆ ತರುಬೋಕೆ ಬರೋದು ಈಯಮ್ಮನೇ. ತಲೆಗೆ ಟವೆಲ್ ಸುತ್ಕೊಂಡು ಒಬ್ಬಳೇ ಬರೋ ಹೆಂಗಸು ಇಡೀ ಸೀಮೆಗೆ ಇನ್ಯಾರೂ ಇಲ್ಲ. ಗೌರಕ್ಕ ಅಂತ. ಮಾ ಅವ್ವ ಪೋಯಿನ ಜನ್ಮ ಅಕ್ಕ, ಹೋದ ಜನ್ಮದ ಅಕ್ಕ ಅಂತಾಳೆ ಅವಳನ್ನ." ಯಾರೋ ತೆಲುಗಿಗೆ ಕಿಸಕ್ಕೆಂದರು. ಹುಡುಗಿ ಕೆಂಪಾದಳು, ಕೂರಲಿಲ್ಲ. "ಒಂದೇ ಒಂದು ತಪ್ಪಿದೆ ಮೇಡಂ. ಸಂಬಂಧಿಕರು ಯಾರೂ ಇಲ್ಲ ಅಂತಿದೆ. ಆಯಮ್ಮನಿಗೆ ತಮ್ಮ ಇದಾನೆ. ನಮ್ಮನೇಲಿ ಉಣ್ಣೋಕೆ ಕೂತ್ರೆ ಅವನ ಮಾತೇ. ನನ್ ತಮ್ಮ ಓದವ್ನೆ, ನನ್ ತಮ್ಮ ಬಡವರ ಕಷ್ಟ ಬರ್ಕೊಂಡು ಸರ್ಕಾರಕ್ಕೆ ಹೇಳ್ತಾನೆ ಅಂತ. ಅವನೂ ಇದೇ ಕೆಲಸ ಮಾಡ್ತಾನೆ ಅನ್ಸುತ್ತೆ."

ನೂರೀನ್ ಅವನ ಕಡೆ ತಿರುಗಿದಳು. "ಸರ್, ನೀವು ಹೇಳಿ. ಇಂಥ ಸಂದರ್ಭದಲ್ಲಿ?" ಎಂಬತ್ತು ಮುಖಗಳು. ಅವನಿಗೆ ಎದ್ದು ನಿಂತದ್ದು ನೆನಪಿದೆ, ಮೇಜಿನ ಅಂಚು ಒದ್ದೆಯಾಗಿದ್ದದ್ದು ನೆನಪಿದೆ. ಇದು ನಾನು ಬರೆದದ್ದು, ಅವಳು ನಮ್ಮಕ್ಕ. ಐದೇ ಪದ. "ಹಳ್ಳಿಗಳಲ್ಲಿ ಒಂದೇ ಥರದ ಬದುಕು ಹಲವರದಿರುತ್ತೆ" ಎಂದು ಅವನ ಬಾಯಿಂದ ಬೇರೆ ಯಾವುದೋ ದನಿ ಹೇಳಿತು. "ಒಬ್ಬರನ್ನ ಕಂಡಾಗ ಇನ್ನೊಬ್ಬರ ಹಾಗೆ ಕಾಣೋದು ಸಹಜ. ವೃತ್ತಿಪರನಾದವನು ಈ ಭಾವನೆಯಿಂದ ಸ್ವಲ್ಪ ದೂರ ನಿಂತು ನೋಡಬೇಕು." ನೂರೀನ್ ತಲೆದೂಗಿದಳು, ಮುಂದಿನ ಸಾಲಿನವರು ಬರೆದುಕೊಂಡರು. ಗಂಗಾಲಕ್ಷ್ಮಿ ಅವನನ್ನೇ ಒಂದು ಕ್ಷಣ ನೋಡಿ, ನಂಬಿ, ಕೂತಳು. ಆ ನಂಬಿಕೆಯೇ ಅವನಿಗೆ ಹೆಚ್ಚು ಚುಚ್ಚಿತು. ಅಲ್ಲಿಂದ ಮುಂದೆ ಮುಕ್ಕಾಲು ಗಂಟೆ ದಾನಧರ್ಮ ಬೇರೆ, ವೃತ್ತಿ ಬೇರೆ, ಸೇವಾರ್ಥಿಯ ಘನತೆ, ಗೌಪ್ಯತೆ, ಆಸ್ಪತ್ರೆಯಲ್ಲಿ ಕೆಲಸ, ಶಾಲೆಯಲ್ಲಿ ಕೆಲಸ, ಎಲ್ಲ ಹೇಳಿದ. ಚೆನ್ನಾಗಿಯೇ ಹೇಳಿದ. ಚಪ್ಪಾಳೆಯಾಯಿತು, ಹಾರ ಹಾಕಿದರು.

ವರಾಂಡದಲ್ಲಿ ಆ ಹುಡುಗಿ ಕಾಯುತ್ತಿದ್ದಳು. ಅವಳ ಮುಖದಲ್ಲಿ ದೂರಿರಲಿಲ್ಲ. "ಸರ್, ಎಂಎಸ್‌ಡಬ್ಲ್ಯುಗೆ ಸೇರ್ಬೇಕು ಅಂತ ಆಸೆ. ನಮ್ಮಂಥೋರಿಗೆ ಆಗುತ್ತಾ?" ಎಂದಳು. ಆಗುತ್ತೆ ಎಂದ. "ನೀವು ಹೇಳಿದ್ದು ಸರಿ ಇರಬಹುದು ಸರ್, ಬೇರೆ ಯಾರೋ ಇರಬಹುದು. ಆದ್ರೂ ಈ ಸಲ ಗೌರಕ್ಕ ಮಂದೆ ಹೊಡ್ಕೊಂಡು ಬಂದಾಗ ಇದನ್ನ ಓದಿ ಹೇಳ್ತೀನಿ. ನಿನ್ನ ಥರಾನೇ ಒಬ್ಬಳಿದಾಳೆ ನೋಡು, ಪುಸ್ತಕದಲ್ಲಿ ಬಂದಿದಾಳೆ ಅಂತ. ಖುಷಿ ಪಡ್ತಾಳೆ. ಆಯಮ್ಮನಿಗೆ ಯಾರಾದ್ರೂ ಓದಿದ್ರೆ ಕೇಳೋದು ಅಂದ್ರೆ ಪ್ರಾಣ." ಅದು ಅವನಿಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಅಂಗಡಿಯವನು ಬೆಲ್ಲ ಕಟ್ಟಿಕೊಟ್ಟ ಪೇಪರಿನ ತುಂಡನ್ನು ಅಕ್ಕ ಬಿಡಿಸಿ, ಅಂಟು ನೆಕ್ಕಿಸಿ, ಓದು ಎನ್ನುತ್ತಿದ್ದಳು. ಅರ್ಧ ಹರಿದ ಸುದ್ದಿ. ಎಲ್ಲೋ ಒಬ್ಬ ಮಂತ್ರಿ ಏನನ್ನೋ ಉದ್ಘಾಟಿಸಿ ಎಂಬಲ್ಲಿಗೆ ಕಾಗದ ಮುಗಿಯುತ್ತಿತ್ತು. ಉಳಿದದ್ದನ್ನು ಅವನು ಕಟ್ಟಿ ಹೇಳುತ್ತಿದ್ದ, ಅವಳು ಹೂಂಗುಟ್ಟುತ್ತಿದ್ದಳು. ಕಟ್ಟಿ ಬರೆಯುವುದನ್ನು ಅವನು ಕಲಿತದ್ದು ಬಹುಶಃ ಅಲ್ಲೇ.

"ನೀನು ಓದಬೇಡಮ್ಮ" ಎಂದ ಅಂಜಿನಮೂರ್ತಿ. "ನಾನೇ ಓದಿ ಹೇಳ್ತೀನಿ."

"ನಿಮಗೆ ಗೊತ್ತಾ ಸರ್ ಆಯಮ್ಮ?"

"ಆ ತಮ್ಮ ನಾನೇ."

ಹುಡುಗಿ ಹಾಳೆ ನೋಡಿದಳು, ಅವನ ಕೊರಳಿನಲ್ಲಿ ಇನ್ನೂ ಇದ್ದ ಹಾರ ನೋಡಿದಳು. "ಇದನ್ನ ಬರೆದೋರು?"

"ಅದೂ ನಾನೇ."

ಅವಳು ಏನು ಮಾಡಿದರೂ ತಡೆದುಕೊಳ್ಳಲು ಅವನು ಸಿದ್ಧನಿದ್ದ. ಬೈಯಲಿ, ನಗಲಿ, ನೂರೀನ್ ಮೇಡಮ್ಮಿಗೆ ಹೋಗಿ ಹೇಳಲಿ. ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿನೊಳಗೆ ಇಟ್ಟು, ದನಿ ತಗ್ಗಿಸಿ, "ಮಣ್ಣಿನ ವಿಷಯ ಮಾತ್ರ ಬಿಟ್ಟು ಓದಿ ಸರ್. ನಾವೆಲ್ಲ ನಕ್ಕಿದ್ದು ಹೇಳ್ಬೇಡಿ. ಪಾಪ, ಮನಸ್ಸಿಗೆ ಹಚ್ಕೋತಾಳೆ" ಎಂದಳು. ನಮಸ್ಕಾರ ಮಾಡಿ ಹೋದಳು. ಇವಳಿಗೆ ನಾನು ಬೆಳಿಗ್ಗೆಯಿಂದ ಪರಿಚಯಿಸಿದ್ದು ಏನನ್ನು ಎಂದು ಅಂಜಿನಮೂರ್ತಿ ಕಂಬಕ್ಕೆ ಒರಗಿ ಯೋಚಿಸಿದ. ಬಾಷಾ ಸಾಬ್ ಬಂದು, "ಸಾಬ್, ಮಧುಗಿರಿ ಬಸ್ಸು ಎರಡೂವರೆಗೆ" ಎಂದ. "ನನಗೆ ತಾವರೆಕೆರೆ ಕಡೆ ಹೋಗಬೇಕು" ಎಂದಾಗ ಅವನಿಗೇ ಆಶ್ಚರ್ಯವಾಯಿತು.

ಹಟ್ಟಿಗೆ ಕಾಲಿಡುವ ಹೊತ್ತಿಗೆ ಬಿಸಿಲು ಹಳದಿಯಾಗಿತ್ತು. ಗುಡ್ಡದ ಕಡೆಯಿಂದ ಕುರಿಗಳು ಇಳಿಯುತ್ತಿದ್ದವು, ಅವುಗಳ ಹಿಂದೆ ಧೂಳಿನಲ್ಲಿ ಒಂದು ಟವೆಲ್. ಐವತ್ತೆಂಟು ವರ್ಷ ಅವಳಿಗೆ ಈಗ, ನಡಿಗೆ ಇನ್ನೂ ಅದೇ, ಎಡಕ್ಕೊಮ್ಮೆ ಬಲಕ್ಕೊಮ್ಮೆ. ಮಧುಗಿರಿಗೆ ಬಂದು ತನ್ನ ಜೊತೆ ಇರು ಎಂದು ಅವನು ಕರೆದಿದ್ದುಂಟು, "ಇವುನ್ನೂ ಕರ್ಕಂಡೋಗಂಗಿದ್ರೆ ಬತ್ತೀನಿ" ಎಂದು ಕುರಿಗಳನ್ನು ತೋರಿಸಿದ್ದಳು.

"ಯಾಕ್ಲಾ, ಹೇಳ್ದೆ ಕೇಳ್ದೆ ಬಂದ್ಬುಟ್ಟೆ? ಮೈ ಹುಸಾರಿಲ್ವಾ?"

"ಹುಷಾರಾಗಿದೀನಿ. ನಿನಗೊಂದು ಓದಿ ಹೇಳ್ಬೇಕಿತ್ತು ಅಕ್ಕ."

"ಅದಕ್ಕೆ ಇಲ್ಲಿಗಂಟ ಬಂದ್ಯಾ? ಹೆಂಗಿದ್ರೂ ಬಂದಿದೀಯ, ಆ ಮರಿ ಹಿಡ್ಕ" ಎಂದು ಕುಂಟುತ್ತಿದ್ದ ಒಂದು ಮರಿಯನ್ನು ಅವನ ತೋಳಿಗೆ ಹಾಕಿ, ಉಳಿದವನ್ನು ರೊಪ್ಪಕ್ಕೆ ಕೂಡಿ, ಕಾಲು ತೊಳೆದು ಬಂದು ಜಗುಲಿಯ ಮೇಲೆ ಕೂತಳು. "ಹೂಂ. ಓದು."

ಬಸ್ಸಿನಲ್ಲಿ ಅವನು ನಿರ್ಧರಿಸಿದ್ದು ಬೇರೆ. ಮೊದಲು ಕ್ಷಮೆ ಕೇಳಬೇಕು, ಆಮೇಲೆ ಹೇಳಬೇಕು. ಆದರೆ ಅವಳು ಮಂಡಿಯ ಮೇಲೆ ಕೈಯಿಟ್ಟು, ಬೆಲ್ಲದ ಕಾಗದಕ್ಕೆ ಕಾದು ಕೂರುತ್ತಿದ್ದ ಹಾಗೆಯೇ ಕೂತದ್ದನ್ನು ನೋಡಿ, ಇದು ನಿನ್ನದೇ ಕತೆ, ತುಮಕೂರಲ್ಲಿ ಓದುವಾಗ ನಾನು ಬರೆದದ್ದು ಎಂದಷ್ಟೇ ಹೇಳಿ ಶುರುಮಾಡಿದ. ಹೆಸರು ಬಂದಾಗ ಅವಳು, "ಅವ್ವನ್ ಹೆಸ್ರು ಇಕ್ಬುಟ್ಯಾ" ಎಂದು ಹಗುರಾಗಿ ನಕ್ಕಳು. ವಯಸ್ಸು ಓದಿದ, ಊರು ಓದಿದ, ಕಸುಬು ಓದಿದ. ಐದನೆಯ ಸಾಲಿನ ಮೇಲೆ ಅವನ ಕಣ್ಣು ಎಡವಲಿಲ್ಲ, ಸಲೀಸಾಗಿ ಹಾರಿತು. ಗಂಡ ಬಿಟ್ಟದ್ದು ಎಂದಾಗ, "ನಾನಲ್ವೇನ್ಲಾ ಬಿಟ್ಟಿದ್ದು" ಎಂದಳು. ಮಂದೆ ಬಂತು, ಪಾವಗಡದ ಹೊಲ ಬಂತು. ಮಣ್ಣಿನ ಸಾಲುಗಳು ಬಂದಾಗ ಹುಡುಗಿ ಹೇಳಿದ್ದು ನೆನಪಾಯಿತು. ಬಿಡಲಿಲ್ಲ. ಒಂದೊಂದು ಅಕ್ಷರವನ್ನೂ ಗಟ್ಟಿಯಾಗಿ ಓದಿದ, ಮೈಮೇಲೆ ಬಾರಿಸಿಕೊಳ್ಳುವವನ ಹಾಗೆ. ಓದಿ ತಲೆಯೆತ್ತಿದರೆ ಅಕ್ಕ ತುಟಿಯಂಚಿನಲ್ಲಿ ನಗುತ್ತಿದ್ದಳು.

"ಅದುನ್ನೂ ಬರ್ದ್ಯಾ. ನನ್ ತಲೆ ಮ್ಯಾಲೆ ಕೈ ಇಕ್ಕಿದ್ದೆ."

"ಹೂಂ ಅಕ್ಕ."

"ನಾನಿನ್ನೂ ಸತ್ತಿಲ್ಲ ಬುಡು. ನಲವತ್ತು ವರ್ಸ ಸುಮ್ನೆ ಹೆದ್ರುಕಂಡಿದ್ವಿ. ಮುಂದ್ಕೋದು."

ಮಾತ್ರೆಯದು ಓದಿದಾಗ, "ಯಾವ್ ಮಾತ್ರೆ?" ಎಂದಳು. ಕೊಡಿಸಲಿಲ್ಲ ಎಂದ. "ಅದೇ ಅಂದ್ಕಂಡೆ, ನಾನೇನ್ ಮರ್ತುಬುಟ್ನಾ ಅಂತ." ಅಷ್ಟೇ. ಅವನ ಎದೆಯ ಮೇಲಿನ ಒಂದು ಮೂಟೆಯನ್ನು ಯಾರೋ ಇಳಿಸಿದಂತಾಗಿ, ಅವನು ಹಾಳೆ ಮಡಿಸತೊಡಗಿದ. ತೋಳಿನಲ್ಲಿದ್ದ ಮರಿ ನಿದ್ದೆ ಹೋಗಿತ್ತು. ಮುಗಿಯಿತು, ಇಷ್ಟು ಸುಲಭವಿತ್ತೆ ಎಂದುಕೊಂಡ.

"ಅಷ್ಟೇನಾ?" ಎಂದಳು ಗೌರಕ್ಕ.

"ಅಷ್ಟೇ."

"ಎಲ್ಲಾ ಬಂತು. ಕುರಿ ಬಂದೋ, ಗ್ವಾಡೆ ಬಂತು, ಸತ್ತಿರೋ ಅವ್ವನ್ ಹೆಸ್ರೂ ಬಂತು. ನೀನೆಲ್ಲಿದೀಯ ಇದ್ರಾಗೆ?"

"ಬರಿಯೋನು ನಾನಲ್ವಾ ಅಕ್ಕ. ಬರಿಯೋನು ಒಳಗೆ ಬರೋ ಹಾಗಿಲ್ಲ. ಅದು ನಿಯಮ."

"ಮನೆಯಾಗೆ ಯಾರ್ ಯಾರವ್ರೆ ಅಂತ ಕೇಳಾಕಿಲ್ವಾ ಅದ್ರಾಗೆ? ಯಾವ್ ಆಫೀಸ್ನೋರು ಬಂದ್ರೂ ಮೊದ್ಲು ಅದೇ ಕೇಳ್ತಾರೆ."

ಸುಳ್ಳು ಹೇಳಬಹುದಿತ್ತು. ಅವಳಿಗೆ ಓದು ಬರುವುದಿಲ್ಲ, ಉಳಿದದ್ದನ್ನು ಕಟ್ಟಿ ಹೇಳುವುದು ಅವನಿಗೆ ಬರುತ್ತದೆ. ತಮ್ಮನೊಬ್ಬನಿದ್ದಾನೆ, ಓದುತ್ತಿದ್ದಾನೆ ಎಂದು ಓದಿದ್ದರೆ ಅವಳು ಹೂಂ ಎಂದು ಎದ್ದುಹೋಗಿ ಒಲೆ ಹಚ್ಚುತ್ತಿದ್ದಳು. ಅವನು ಹಾಳೆಯನ್ನು ಮತ್ತೆ ಬಿಡಿಸಿದ. "ಒಂದು ಸಾಲು ಬಿಟ್ಟು ಓದಿದೆ" ಎಂದ. ಓದಿದ. ಸಮೀಪದ ಸಂಬಂಧಿಕರು, ಯಾರೂ ಇಲ್ಲ.

ರೊಪ್ಪದಲ್ಲಿ ಕುರಿಯೊಂದು ಕೆಮ್ಮಿತು. ಗೌರಕ್ಕ ಆ ಕಡೆ ನೋಡಿದಳು, ಯಾವ ಕುರಿ ಎಂದು ಅವಳಿಗೆ ಕೆಮ್ಮಿನಿಂದಲೇ ಗೊತ್ತಾಗುತ್ತದೆ. ಆಮೇಲೂ ಅಲ್ಲೇ ನೋಡುತ್ತಿದ್ದಳು. ಅವಳ ಮುಖದ ಮೇಲಿದ್ದ ನಗು ಯಾವಾಗ ಹೋಯಿತೆಂದು ಅವನು ಗಮನಿಸಿರಲಿಲ್ಲ.

"ಮಣ್ಣ್ ತಿಂದಿದ್ದು ದಿಟ" ಎಂದಳು. "ಅದುನ್ನ ಬರ್ಕಂಡ್ರೆ ಬರ್ಕ, ಊರೆಲ್ಲಾ ಓದ್ಲಿ. ಇದು ದಿಟ್ವಾ?"

"ಅಲ್ಲ."

"ಇದುನ್ನ ಬರಿವಾಗ ನೀನೆಲ್ಲಿದ್ದೆ?"

"ಇಲ್ಲೇ. ಈ ಜಗುಲಿ ಮೇಲೆ."

"ನಾನು?"

"ನೀನು ಎದುರಿಗೆ ಕೂತಿದ್ದೆ."

ಅವಳು ಎದುರಿನ ಜಾಗವನ್ನು ನೋಡಿದಳು, ಅಲ್ಲಿ ಈಗಲೂ ಯಾರಾದರೂ ಕೂತಿದ್ದಾರೆಯೇ ಎಂಬಂತೆ. "ಎಲ್ಲೈತೆ, ತೋರ್ಸು." ಅವನು ಅವಳ ಕೈ ಹಿಡಿದು ಆ ಸಾಲಿನ ಮೇಲೆ ಇಟ್ಟ. ಒರಟು, ಉಣ್ಣೆಯ ಜಿಡ್ಡಿನ ಕೈ. "ಇಷ್ಟೇನಾ?" ಎಂದಳು. ಇಷ್ಟೇ ಎಂದ. ಅವಳು ಹೆಬ್ಬೆರಳನ್ನು ಅಡ್ಡಲಾಗಿ ಮಲಗಿಸಿ ಒತ್ತಿದಳು. ಅಕ್ಷರ ಒಂದೂ ಆಚೆ ಕಾಣದಂತೆ ಸಾಲು ಮುಚ್ಚಿಹೋಯಿತು.

"ಈಗೋದು. ಮೊದ್ಲಿಂದ."

ಬೆಳಕು ಇನ್ನೂ ಇತ್ತು. ಅಂಜಿನಮೂರ್ತಿ ಕಾಗದದಲ್ಲಿದ್ದದ್ದನ್ನು ಬಿಟ್ಟು, "ಹೆಸರು, ಗೌರಕ್ಕ" ಎಂದ. ಅವಳು ಹೂಂ ಎಂದಳು. ಆ ಹೆಬ್ಬೆರಳನ್ನು ಮುಟ್ಟಲು ಇನ್ನು ಮೂರು ಸಾಲಿತ್ತು.